ಯಾಗಿ ಎಂಬ ಹೆಸರಿನ ಹಿಂದೆ

ಈ ಸಲದ ಸಂಚಿಕೆಗೆ ಯಾರಾದರೊಬ್ಬ ದೊಡ್ಡವರ ಜೀವನದ ಬಗ್ಗೆ ಬರೆದುಕೊಡು ಅಂತ ಸಂಘದ ಕಾರ್ಯದರ್ಶಿ ನನ್ನ ಬೆನ್ನು ಹತ್ತಿ ಮೂರು ವಾರವಾಯಿತು. ಸಾಹಿತಿಗಳನ್ನೆಲ್ಲ ಉಳಿದವರು ಆಗಲೇ ಹಂಚಿಕೊಂಡುಬಿಟ್ಟಿದ್ದರು. ಬೇಂದ್ರೆ ಒಬ್ಬರ ಪಾಲಿಗೆ, ಕುವೆಂಪು ಇನ್ನೊಬ್ಬರ ಪಾಲಿಗೆ, ಕಾರಂತರಿಗಾಗಿ ಇಬ್ಬರ ನಡುವೆ ಜಗಳ. ನಾನೋ ಬಿ.ಎಸ್ಸಿ. ಓದುವವನು. ಕೊನೆಗೆ ಒಬ್ಬ ಜಪಾನೀಯನನ್ನು ಆರಿಸಿಕೊಂಡೆ. ಕನ್ನಡ ಪತ್ರಿಕೆಗೆ ಜಪಾನೀಯನೇಕೆ ಅಂತ ನೀವು ಕೇಳಬಹುದು. ಕಾರಣ ಎರಡಿವೆ. ಒಂದನ್ನು ಈಗಲೇ ಹೇಳುತ್ತೇನೆ. ಇನ್ನೊಂದು ಸ್ವಲ್ಪ ಮುಜುಗರದ್ದು, ಕೊನೆಗೆ ಇರಲಿ.

ಈತನನ್ನು ನೀವೆಲ್ಲ ನೋಡಿದ್ದೀರಿ. ಅಂದರೆ ಈತನ ಹೆಸರು ಹೊತ್ತ ವಸ್ತುವನ್ನು. ಕೇಬಲ್ಲು, ಡಿಶ್ಶು ಬರುವ ಮುಂಚೆ ಟೀವಿ ಇದ್ದ ಮನೆಯ ತಾರಸಿಯ ಮೇಲೆಲ್ಲ ಮೀನಿನ ಮೂಳೆಯಂಥ ಆಂಟೆನಾ ಒಂದು ನಿಂತಿರುತ್ತಿತ್ತಲ್ಲ, ಕಾಗೆ ಕೂತರೆ ಚಿತ್ರ ಅಲುಗುತ್ತಿತ್ತಲ್ಲ, ಅದರ ಹೆಸರು ಯಾಗಿ ಆಂಟೆನಾ. ಯಾಗಿ ಅನ್ನುವುದು ಒಬ್ಬ ಮನುಷ್ಯನ ಹೆಸರು ಅಂತ ಮೊನ್ನೆಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. ತಿಳಿಸಿಕೊಟ್ಟವರು ನನ್ನ ಸೋದರಮಾವ.

ಮಾವ ಇಲ್ಲೇ ದೆಹಲಿಯ ಕರೋಲ್ ಬಾಗಿನಲ್ಲಿದ್ದಾರೆ. ಹಗಲು ಸರಕಾರಿ ನೌಕರಿ, ರಾತ್ರಿ ಹವ್ಯಾಸಿ ರೇಡಿಯೋ. ಹ್ಯಾಮ್ ಅನ್ನುತ್ತಾರಲ್ಲ, ಅದು. ಲೈಸೆನ್ಸು ಪಡೆದು, ಕರೆಸಂಕೇತ ಇಟ್ಟುಕೊಂಡು, ಮುಖ ನೋಡದವರ ಜೊತೆ ಗಂಟೆಗಟ್ಟಲೆ ಮಾತಾಡುವ ಹುಚ್ಚು. ಒಂದು ಭಾನುವಾರ ಹೊಸ ಆಂಟೆನಾ ಕೂರಿಸಬೇಕು, ಕೈಗೊಬ್ಬ ಹುಡುಗ ಬೇಕು ಅಂತ ನನ್ನನ್ನು ಹಾಸ್ಟೆಲಿನಿಂದ ಕರೆಸಿಕೊಂಡರು. ಅತ್ತೆಯ ಕೈ ಬಿಸಿಬೇಳೆಭಾತಿನ ಆಸೆಗೆ ಹೋದೆ ಅಂತಲೇ ಇಟ್ಟುಕೊಳ್ಳಿ.

ತಾರಸಿಯ ಮೇಲೆ ಇದ್ದದ್ದು ಇಷ್ಟೆ: ಒಂದು ಉದ್ದನೆಯ ಕೊಳವೆ, ಅದಕ್ಕೆ ಅಡ್ಡಲಾಗಿ ಮೂರು ಅಲ್ಯುಮಿನಿಯಂ ಕಡ್ಡಿ. ಪ್ರತಿ ಕಡ್ಡಿಯ ತುದಿಯಲ್ಲೂ ಸಣ್ಣ ಕೊಳವೆಯೊಂದು ಒಳಗೆ ಜಾರುತ್ತದೆ. ಎಳೆದರೆ ಕಡ್ಡಿ ಉದ್ದ, ತಳ್ಳಿದರೆ ಗಿಡ್ಡ, ಸ್ಕ್ರೂ ಬಿಗಿದರೆ ಅಲ್ಲೇ ನಿಂತಿತು. ಮಾವ ಮಾತಾಡುವುದು 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಒಂದು ಅಲೆಯ ಉದ್ದ ಎರಡು ಮೀಟರಿಗೆ ತುಸು ಹೆಚ್ಚು. ಕಡ್ಡಿ ಅದರ ಅರ್ಧದಷ್ಟಿರಬೇಕು. ಆದರೆ ಮೂರೂ ಒಂದೇ ಅಳತೆಯಲ್ಲ. ನಡುವಿನದು ಸುಮಾರು 97 ಸೆಂಟಿಮೀಟರ್, ಹಿಂದಿನದು ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಉದ್ದ, ಮುಂದಿನದು ಅಷ್ಟೇ ಗಿಡ್ಡ.

ನಾನು ಬೆರಗಾದದ್ದು ಬೇರೆ ವಿಷಯಕ್ಕೆ. ರೇಡಿಯೋದಿಂದ ಬಂದ ತಂತಿ ಸೇರುವುದು ನಡುವಿನ ಕಡ್ಡಿಗೆ ಮಾತ್ರ! ಹಿಂದಿನದಕ್ಕೂ ಇಲ್ಲ, ಮುಂದಿನದಕ್ಕೂ ಇಲ್ಲ. ಮತ್ತೆ ಅವೇಕೆ ಅಂದೆ. ಅವುಗಳಿಂದಲೇ ದಿಕ್ಕು ಅಂದರು ಮಾವ. ನಡುವಿನ ಕಡ್ಡಿ ಒಂಟಿಯಾಗಿದ್ದರೆ ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಅಲೆ ಹೊರಡುತ್ತದೆ. ಪಕ್ಕದಲ್ಲಿ ಇನ್ನೊಂದು ಕಡ್ಡಿ ಇಟ್ಟರೆ ಆ ಅಲೆ ಅದರೊಳಗೂ ಮಿಂಚು ಹರಿಸುತ್ತದೆ, ಅದು ತಾನೂ ಅಲೆ ಎಬ್ಬಿಸುತ್ತದೆ. ಉದ್ದವನ್ನು ಹದವಾಗಿ ಇಟ್ಟರೆ ಈ ಅಲೆಗಳೆಲ್ಲ ಮುಂದಕ್ಕೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಹಿಂದಕ್ಕೆ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಕಡ್ಡಿಗೆ ರಿಫ್ಲೆಕ್ಟರ್ ಅಂತ ಹೆಸರು, ಮುಂದಿನದಕ್ಕೆ ಡೈರೆಕ್ಟರ್. ಅದೇ ಶಕ್ತಿ ಒಂದೇ ಕಡೆಗೆ ಮೂರು ನಾಲ್ಕು ಪಟ್ಟು ಬಿರುಸಾಗಿ ಹೋಗುತ್ತದೆ. ಇದನ್ನು ಕಂಡುಹಿಡಿದದ್ದು ಯಾರು ಅಂದೆ. ಯಾಗಿ ಅಂದವರು, ಸ್ವಲ್ಪ ತಡೆದು, ಅದೊಂದು ದೊಡ್ಡ ಕಥೆ ಅಂದರು.

ಆ ಕಥೆಯನ್ನು ಆಮೇಲೆ ನಾನೇ ಹುಡುಕಿ ಓದಿದೆ.

ಹಿದೆತ್ಸುಗು ಯಾಗಿ ಹುಟ್ಟಿದ್ದು 1886ರ ಜನವರಿ 28ರಂದು, ಒಸಾಕಾದಲ್ಲಿ. ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿ 1909ರಲ್ಲಿ ಹೊರಬಿದ್ದ. ಉತ್ತರದ ಸೆಂಡೈ ಪಟ್ಟಣದಲ್ಲಿ ಮೇಷ್ಟರಾದ. 1913ರಲ್ಲಿ ಹೆಚ್ಚಿನ ಓದಿಗೆ ಜರ್ಮನಿಯ ಡ್ರೆಸ್ಡೆನ್‌ಗೆ, ಬಾರ್ಕ್‌ಹೌಸೆನ್ ಎಂಬ ಪ್ರಾಧ್ಯಾಪಕರ ಹತ್ತಿರ ಹೋದ. ವರ್ಷ ತುಂಬುವಷ್ಟರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಜಪಾನು ಜರ್ಮನಿಯ ಎದುರು ಪಕ್ಷ. ಪುಸ್ತಕ ಮಡಿಚಿಕೊಂಡು ಇಂಗ್ಲೆಂಡಿಗೆ ನಡೆದ. ಅಲ್ಲಿ ರೇಡಿಯೋ ವಾಲ್ವನ್ನು ಮೊದಲು ಮಾಡಿದ ಫ್ಲೆಮಿಂಗ್ ಗುರು. ಅಲ್ಲಿಂದ ಅಮೆರಿಕದ ಹಾರ್ವರ್ಡ್, ಪಿಯರ್ಸ್ ಗುರು. 1916ರಲ್ಲಿ ಊರಿಗೆ ಮರಳುವ ಹೊತ್ತಿಗೆ ಮೂರು ದೇಶದ ವಿದ್ಯೆ ತಲೆಯಲ್ಲಿತ್ತು, ಇಂಗ್ಲಿಷು ನಾಲಿಗೆಯ ಮೇಲಿತ್ತು. ಈ ಇಂಗ್ಲಿಷನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗಿನ ರೇಡಿಯೋ ಅಂದರೆ ಉದ್ದುದ್ದ ಅಲೆಗಳದ್ದು. ಸಮುದ್ರದಾಚೆ ಸುದ್ದಿ ಕಳಿಸಲು ಗುಡಿಗೋಪುರಗಳನ್ನು ಮೀರಿಸುವ ಕಂಬಗಳನ್ನು ನೆಡುತ್ತಿದ್ದರು. ಯಾಗಿಯ ಕಣ್ಣು ಗಿಡ್ಡ ಅಲೆಗಳ ಮೇಲೆ. ಕೆಲವೇ ಮೀಟರ್ ಉದ್ದದ ಅಲೆಯಾದರೆ ಆಂಟೆನಾ ಕೈಯಲ್ಲಿ ಹಿಡಿಯುವಷ್ಟಾಗುತ್ತದೆ, ದೀಪದ ಬೆಳಕಿನ ಹಾಗೆ ಬೇಕಾದ ಕಡೆ ತಿರುಗಿಸಬಹುದು ಅಂತ ಅವನ ಲೆಕ್ಕ. ಸೆಂಡೈಯ ತೊಹೊಕು ಇಂಪೀರಿಯಲ್ ವಿಶ್ವವಿದ್ಯಾಲಯದ ಅವನ ಪ್ರಯೋಗಶಾಲೆ 1920ರ ದಶಕದಲ್ಲಿ ಇದೇ ಗುಂಗಿನಲ್ಲಿತ್ತು. ಹುಡುಗರಿಗೆ ವಿಷಯ ಹಂಚಿಕೊಟ್ಟು, ಹಿಂದೆ ನಿಂತು ಹುರಿದುಂಬಿಸುವ ಗುರು ಅವನು. ಗಿಡ್ಡ ಅಲೆ ಎಬ್ಬಿಸುವ ಮ್ಯಾಗ್ನೆಟ್ರಾನ್ ಎಂಬ ವಾಲ್ವಿನ ಸುಧಾರಿತ ರೂಪವನ್ನು 1927ರಲ್ಲಿ ಕೊಟ್ಟ ಒಕಾಬೆ ಕೂಡ ಅವನ ಶಿಷ್ಯನೇ.

ಇನ್ನೊಬ್ಬ ಶಿಷ್ಯ ಶಿಂತಾರೊ ಉದಾ. ಗುರುವಿಗಿಂತ ಹತ್ತು ವರ್ಷ ಚಿಕ್ಕವನು, 1896ರಲ್ಲಿ ತೊಯಾಮಾ ಪ್ರಾಂತದಲ್ಲಿ ಹುಟ್ಟಿದವನು. 1924ರಲ್ಲಿ ಪದವಿ ಮುಗಿಸಿ ಯಾಗಿಯ ಕೈಕೆಳಗೆ ಕೆಲಸಕ್ಕೆ ನಿಂತ. ಅಲೆ ಹೊರಡಿಸುವ ತಂತಿಯ ಹತ್ತಿರ ಬೇರೊಂದು ಲೋಹದ ತುಂಡು ಇದ್ದರೆ ಅಲೆ ಅತ್ತ ವಾಲುತ್ತದೆ ಅಥವಾ ಇತ್ತ ಸರಿಯುತ್ತದೆ ಎಂಬ ಸುಳಿವು ಅಲ್ಲಿಯ ಪ್ರಯೋಗಗಳಲ್ಲಿ ಸಿಕ್ಕಿತ್ತು. ಅದನ್ನು ಹಿಡಿದು ಹೊರಟವನು ಉದಾ. 4.4 ಮೀಟರ್ ಉದ್ದದ ಅಲೆ ತೆಗೆದುಕೊಂಡ. ಕಡ್ಡಿಯನ್ನು ಒಂದಿಷ್ಟು ಉದ್ದ ಮಾಡು, ಅಳೆ. ಗಿಡ್ಡ ಮಾಡು, ಅಳೆ. ಒಂದು ಗೇಣು ದೂರ ಇಡು, ಅಳೆ. ಇನ್ನೊಂದು ಕಡ್ಡಿ ಸೇರಿಸು, ಮತ್ತೆ ಅಳೆ. ಓದುವಾಗ ಇದೆಲ್ಲ ಎರಡು ಸಾಲು. ಮಾವನ ತಾರಸಿಯ ಮೇಲೆ ಒಂದೇ ಒಂದು ಆಂಟೆನಾ ಹದ ಮಾಡಿದ ನನಗೆ ಅದರ ಬೆವರು ಎಷ್ಟು ಅಂತ ಗೊತ್ತು.

1926ರ ಫೆಬ್ರವರಿಯಲ್ಲಿ ಜಪಾನಿನ ಇಂಪೀರಿಯಲ್ ಅಕಾಡೆಮಿಯ ಮುಂದೆ ಹೋದ ಮೊದಲ ಲೇಖನದಲ್ಲಿ ಯಾಗಿ, ಉದಾ ಇಬ್ಬರ ಹೆಸರೂ ಇತ್ತು. ಆದರೆ ಪೇಟೆಂಟಿನ ಅರ್ಜಿ 1925ರ ಕೊನೆಗೇ ಹೋಗಿತ್ತು, ಬರೀ ಯಾಗಿಯ ಹೆಸರಲ್ಲಿ. ಆಮೇಲೆ ಉದಾ 1926ರಿಂದ 1929ರವರೆಗೆ ಸಾಲಾಗಿ ಹನ್ನೊಂದು ಲೇಖನ ಬರೆದ. ಕಡ್ಡಿಯ ಅಳತೆ, ದೂರ, ಫಲಿತಾಂಶ, ಎಲ್ಲವೂ ಅದರಲ್ಲಿತ್ತು. ಎಲ್ಲವನ್ನೂ ಬರೆದದ್ದು ಜಪಾನಿ ಭಾಷೆಯಲ್ಲಿ. ಯಾಗಿ ಬರೆದದ್ದು ಒಂದು ಲೇಖನ, ಇಂಗ್ಲಿಷಿನಲ್ಲಿ. 1928ರಲ್ಲಿ ಅಮೆರಿಕಕ್ಕೆ ಹೋಗಿ ರೇಡಿಯೋ ಇಂಜಿನಿಯರುಗಳ ಸಭೆಗಳಲ್ಲಿ ಉಪನ್ಯಾಸ ಕೊಟ್ಟ. ಆ ವರ್ಷದ ಜೂನ್ ತಿಂಗಳಲ್ಲಿ ಅವರ ಪತ್ರಿಕೆಯಲ್ಲೇ ಲೇಖನ ಅಚ್ಚಾಯಿತು. ಕೇಳಿದವರು ತಲೆದೂಗಿದರು. ಇಂಗ್ಲೆಂಡಿನಲ್ಲಿ ಹಕ್ಕು ಮಾರ್ಕೋನಿ ಕಂಪನಿಗೆ ಹೋಯಿತು, 1932ರ ಅಮೆರಿಕದ ಪೇಟೆಂಟು ಆರ್.ಸಿ.ಎ. ಕಂಪನಿಯ ಪಾಲಾಯಿತು. ಹೊರಗಿನ ಜಗತ್ತು ಓದಿದ್ದು ಆ ಒಂದು ಲೇಖನ. ಅದರ ಮೇಲಿದ್ದದ್ದು ಒಂದು ಹೆಸರು. ಹಾಗಾಗಿ ಅದು ಯಾಗಿ ಆಂಟೆನಾ ಆಯಿತು.

ಯಾಗಿ ಶಿಷ್ಯನ ಕೆಲಸವನ್ನು ಕದ್ದ ಅಂತ ಹೇಳಿಬಿಡುವುದು ಸುಲಭ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಆ ಇಂಗ್ಲಿಷ್ ಲೇಖನದೊಳಗೆ ಉದಾನ ಕೆಲಸವನ್ನು ಯಾಗಿ ಮುಚ್ಚಿಟ್ಟಿಲ್ಲ, ಹೆಸರು ಹಿಡಿದು ಹೇಳಿದ್ದಾನೆ. ಪ್ರಯೋಗಶಾಲೆ ಅವನದು, ಗಿಡ್ಡ ಅಲೆಯ ಕನಸು ಅವನದು. ಆದರೂ ಲೇಖನದ ಒಳಗಿರುವ ಹೆಸರನ್ನು ಯಾರು ಓದುತ್ತಾರೆ? ತಲೆಬರಹದ ಕೆಳಗಿದ್ದ ಹೆಸರೇ ಉಳಿಯುವುದು. ಕಳ್ಳತನವಿಲ್ಲದೆಯೂ ಹೀಗೆ ಅನ್ಯಾಯ ಆಗಿಬಿಡುತ್ತದೆ.

ಇತ್ತ ಉದಾ ಕೆಲಸ ನಿಲ್ಲಿಸಲಿಲ್ಲ. 1930ರ ದಶಕದಲ್ಲಿ ಸಕಾಟಾ ಪಟ್ಟಣದಿಂದ ತೊಬಿಶಿಮಾ ದ್ವೀಪಕ್ಕೆ, ನಡುವೆ ಸುಮಾರು 40 ಕಿಲೋಮೀಟರ್ ದೂರ, ಇದೇ ಆಂಟೆನಾ ಕಟ್ಟಿ ಮಾತು ಸಾಗಿಸಿದ. ಯಾಗಿ 1933ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥನಾದ. ಅಲ್ಲಿ ಯುಕಾವಾ ಎಂಬ ಸಂಕೋಚದ ಹುಡುಗನೊಬ್ಬ ಕೆಲಸಕ್ಕೆ ಸೇರಿದ್ದ. ಒಂದು ಲೇಖನವನ್ನೂ ಬರೆಯದೆ ಕೂತಿದ್ದಾನೆ ಅಂತ ಯಾಗಿ ಅವನನ್ನು ಚೆನ್ನಾಗಿ ಬೈದನಂತೆ. 1935ರಲ್ಲಿ ಆ ಹುಡುಗನ ಮೆಸಾನ್ ಕಣದ ಸಿದ್ಧಾಂತ ಅಚ್ಚಾಯಿತು. 1949ರಲ್ಲಿ ಅದಕ್ಕೆ ನೊಬೆಲ್ ಬಂತು, ಜಪಾನಿಗೆ ಬಂದ ಮೊದಲ ನೊಬೆಲ್. ಬೈಗುಳಕ್ಕೂ ಬೆಲೆಯಿದೆ, ಬೈಯುವವರು ಯಾಗಿಯಂಥವರಾದರೆ.

ಈಗ ಕಥೆಯ ಕಹಿ ಭಾಗ. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದು ಜಪಾನಿಗೂ ಹೊಂದುವ ಮಾತು. ಹೊರದೇಶದವರು ಇವರ ಆಂಟೆನಾವನ್ನು ರೇಡಾರಿಗೆ ಹಚ್ಚಿದರು. ಇವರದೇ ಸೈನ್ಯ ಕಣ್ಣೆತ್ತಿ ನೋಡಲಿಲ್ಲ. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನಿನ ಕೈವಶವಾಯಿತು. ಬ್ರಿಟಿಷರು ಬಿಟ್ಟುಹೋದ ರೇಡಾರುಗಳ ಜೊತೆ ಒಬ್ಬ ಸೈನಿಕನ ಟಿಪ್ಪಣಿ ಪುಸ್ತಕ ಸಿಕ್ಕಿತು. ಅದರಲ್ಲಿ ಯಾಗಿ ಎಂಬ ಶಬ್ದ ಮತ್ತೆಮತ್ತೆ ಬರುತ್ತಿತ್ತು. ಅದೇನು ಅಂತ ಜಪಾನೀ ತಜ್ಞರಿಗೆ ತಿಳಿಯಲಿಲ್ಲ. ಸೆರೆಸಿಕ್ಕ ಬ್ರಿಟಿಷನನ್ನು ಕರೆಸಿ ವಿಚಾರಿಸಿದಾಗ, ಇದನ್ನು ಕಂಡುಹಿಡಿದ ನಿಮ್ಮ ದೇಶದವನ ಹೆಸರೇ ಅಲ್ಲವೇ ಅಂತ ಅವನು ಚಕಿತನಾಗಿ ತಿಳಿಸಬೇಕಾಯಿತು. ತಮ್ಮ ಮನೆಯವನ ಹೆಸರನ್ನು ಶತ್ರುವಿನ ಬಾಯಿಂದ ಕೇಳಿದರು!

ಯುದ್ಧ ಮುಗಿಯುತ್ತ ಬಂದಾಗ ಯಾಗಿ ಸರಕಾರದ ತಾಂತ್ರಿಕ ಮಂಡಳಿಯ ಮುಖ್ಯಸ್ಥ. ಎಳೆಯ ಹುಡುಗರನ್ನು ವಿಮಾನದಲ್ಲಿ ಕೂರಿಸಿ ಶತ್ರು ಹಡಗಿಗೆ ಡಿಕ್ಕಿ ಹೊಡೆಸುತ್ತಿದ್ದ ಕಾಲ ಅದು. 1945ರ ಜನವರಿಯಲ್ಲಿ ಸಂಸತ್ತಿನಲ್ಲಿ ಎದ್ದು ನಿಂತು, ಸಾಯದೆ ಗುರಿ ಮುಟ್ಟುವ ಸಾಧನವನ್ನು ಮಾಡಿಕೊಡಬೇಕಾದದ್ದು ತಾಂತ್ರಿಕರ ಹೊಣೆ, ಅದಾಗದೆ ಹುಡುಗರು ಸಾಯಬೇಕಾಗಿ ಬಂದದ್ದಕ್ಕೆ ತಾನು ನಾಚಿಕೊಂಡಿದ್ದೇನೆ ಎಂಬರ್ಥದ ಮಾತನ್ನಾಡಿದ. ಆ ಕಾಲದಲ್ಲಿ ಆ ಜಾಗದಲ್ಲಿ ಅಷ್ಟು ಹೇಳುವುದಕ್ಕೂ ಎದೆ ಬೇಕು. ಅದಾಗಿ ಏಳು ತಿಂಗಳಿಗೆ, ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. ನೆಲ ಮುಟ್ಟುವ ಮೊದಲೇ ಗೊತ್ತಾದ ಎತ್ತರದಲ್ಲಿ ಬಾಂಬು ಸಿಡಿಯಬೇಕಿತ್ತು. ಎತ್ತರ ಅಳೆಯಲು ಆ ಬಾಂಬುಗಳಲ್ಲಿ ಚಿಕ್ಕ ರೇಡಾರುಗಳಿದ್ದವು. ಆ ರೇಡಾರುಗಳಿಗೆ, ಬಾಂಬಿನ ಮೈಮೇಲೆ, ಪುಟ್ಟ ಯಾಗಿ ಆಂಟೆನಾಗಳು. ಇದನ್ನು ಓದಿದ ರಾತ್ರಿ ನನಗೆ ಮುಂದೆ ಓದಲಾಗಲಿಲ್ಲ. ಸೆಂಡೈಯ ಆ ಕೋಣೆಯಲ್ಲಿ ಇಬ್ಬರು ಕಡ್ಡಿ ಅಳೆಯುತ್ತ ಕೂತಿದ್ದಾಗ ಇದು ಹೀಗೆ ಮನೆಗೆ ಮರಳುತ್ತದೆ ಅಂತ ಕನಸಿನಲ್ಲಾದರೂ ಎಣಿಸಿದ್ದರೇ?

ಯುದ್ಧದ ನಂತರ ಒಸಾಕಾ ವಿಶ್ವವಿದ್ಯಾಲಯದ ಅಧ್ಯಕ್ಷನಾದ ಯಾಗಿಯನ್ನು ಆಕ್ರಮಣ ಸರಕಾರ ಸಾರ್ವಜನಿಕ ಹುದ್ದೆಯಿಂದ ತೆಗೆದುಹಾಕಿತು. 1952ರಲ್ಲಿ ತನ್ನ ಹೆಸರಿನ ಆಂಟೆನಾ ಕಂಪನಿ ತೆಗೆದ. ಆಮೇಲೆ ಸಂಸತ್ತಿನ ಮೇಲ್ಮನೆಗೂ ಆರಿಸಿಬಂದ. 1956ರಲ್ಲಿ ಅವನ ದೇಶ ಸಂಸ್ಕೃತಿಯ ದೊಡ್ಡ ಪದಕ ಕೊಟ್ಟು ಗೌರವಿಸಿತು. ಅಷ್ಟು ಹೊತ್ತಿಗೆ ಟೀವಿ ಬಂದು ಜಪಾನಿನ ಮನೆಗಳ ಮೇಲೆಲ್ಲ ಯಾಗಿಯ ಕಡ್ಡಿಗಳು ಎದ್ದಿದ್ದವು.

ಉದಾ ಆಗ ಎಲ್ಲಿದ್ದ ಗೊತ್ತೆ? ನಮ್ಮ ದೆಹಲಿಯಲ್ಲಿ! ನಾನು ಈ ಲೇಖನಕ್ಕೆ ಕೈಹಾಕಿದ ಮೊದಲ ಕಾರಣ ಇದೇ. 1955ರಿಂದ 1958ರವರೆಗೆ ವಿಶ್ವಸಂಸ್ಥೆಯ ಕಡೆಯಿಂದ ತಜ್ಞನಾಗಿ ಬಂದು, ಪೂಸಾದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ. ಕೆ. ಎಸ್. ಕೃಷ್ಣನ್ ಅದರ ನಿರ್ದೇಶಕರಾಗಿದ್ದ ಕಾಲ. ಗಿಡ್ಡ ಅಲೆಗಳ ಮೂಲಕ ದೂರವಾಣಿ ಮಾತು ಸಾಗಿಸುವ ವ್ಯವಸ್ಥೆ ಕಟ್ಟಲು ನಮ್ಮವರಿಗೆ ಹೇಳಿಕೊಟ್ಟ. ನಾವು ಬಸ್ಸಿನಲ್ಲಿ ಎಷ್ಟು ಸಲ ಆ ಗೇಟಿನ ಮುಂದೆ ಹೋಗಿಲ್ಲ! ತಾರಸಿಗಳ ಮೇಲಿನ ಆ ಆಂಟೆನಾಕ್ಕೆ ಯಾಗಿ ಅಂತಲೇ ಹೆಸರಾಗಿದ್ದ ಕಾಲದಲ್ಲಿ, ಅದರ ಅಳತೆಗಳನ್ನು ಒಂದೊಂದಾಗಿ ಹಿಡಿದು ತೆಗೆದವನು ಆ ಗೇಟಿನೊಳಗೆ ಸದ್ದಿಲ್ಲದೆ ಮೂರು ವರ್ಷ ದುಡಿದ.

1976ರ ಜನವರಿ 19ರಂದು ಯಾಗಿ ತೀರಿಕೊಂಡ. ಅದೇ ವರ್ಷ ಆಗಸ್ಟ್ 18ರಂದು ಉದಾ. ಗುರುಶಿಷ್ಯರು ಹೋಗುವಾಗಲೂ ಒಂದೇ ವರ್ಷದಲ್ಲಿ ಹೋದರು. 1995ರಲ್ಲಿ ತೊಹೊಕು ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಒಂದು ಫಲಕ ಹಾಕಿತು; ಅದರ ಮೇಲೆ ಇಬ್ಬರ ಹೆಸರೂ ಇದೆ. ಪುಸ್ತಕಗಳಲ್ಲಿ ಈಗ ಯಾಗಿ-ಉದಾ ಆಂಟೆನಾ ಅಂತ ಬರೆಯುತ್ತಾರೆ. ಬಾಯಿಮಾತಿನಲ್ಲಿ ಮಾತ್ರ ಯಾಗಿಯೇ.

ಇನ್ನು ಮಾವನ ತಾರಸಿಗೆ ಬರೋಣ. ಆಂಟೆನಾ ಹದ ಮಾಡುವುದು ಎರಡು ಹಂತ. ಮೊದಲು ಎಸ್.ಡಬ್ಲ್ಯು.ಆರ್. ಮೀಟರ್ ನೋಡಿಕೊಂಡು, ಕಳಿಸಿದ ಶಕ್ತಿ ತಂತಿಯಲ್ಲೇ ಹಿಂತಿರುಗದ ಹಾಗೆ ನಡುವಿನ ಕಡ್ಡಿಯನ್ನು ಸರಿಮಾಡಬೇಕು. ಆಮೇಲೆ ಉಳಿದೆರಡರ ಸರದಿ. ಗಾಜಿಯಾಬಾದಿನಲ್ಲಿರುವ ಮಾವನ ಸ್ನೇಹಿತರೊಬ್ಬರು ಅಲ್ಲಿಂದ ಒಂದೇ ಸಮನೆ ಸಂಕೇತ ಬಿಡುತ್ತಿದ್ದರು. ನಾನು ಆಂಟೆನಾದ ಮೂತಿಯನ್ನು ಪೂರ್ವಕ್ಕೆ, ಅವರ ಕಡೆಗೆ, ತಿರುಗಿಸಹೋದೆ. ಮಾವ ತಡೆದರು. ಬೆನ್ನು ಅವರ ಕಡೆ ಮಾಡು ಅಂದರು. ಮುಂದಿನಿಂದ ಎಷ್ಟು ಜೋರಾಗಿ ಕೇಳುತ್ತದೆ ಅಂತ ನೋಡುತ್ತ ಹದ ಮಾಡಿದರೆ ಮುಳ್ಳು ಸರಿಯಾಗಿ ಹೇಳುವುದಿಲ್ಲ. ಕಡ್ಡಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಅಲ್ಲಿ ಫರಕು ತಿಳಿಯುವುದು ಕಷ್ಟ. ಬೆನ್ನಿನ ಕಡೆಯಿಂದ ಕೇಳಬಾರದ್ದು ಎಷ್ಟು ಕಡಿಮೆ ಕೇಳುತ್ತದೆ ಅಂತ ನೋಡಿದರೆ ಕೂಡಲೇ ಗೊತ್ತಾಗುತ್ತದೆ.

ಹಾಗೇ ಮಾಡಿದೆವು. ಮಾವ ಕೆಳಗೆ ಕೋಣೆಯಲ್ಲಿ ರೇಡಿಯೋದ ಮುಳ್ಳು ನೋಡುತ್ತ ಕಿಟಕಿಯಿಂದ ಕೂಗುವುದು, ನಾನು ಹಿಂದಿನ ಕಡ್ಡಿಯ ತುದಿಯನ್ನು ಎರಡೂ ಕಡೆ ಸಮನಾಗಿ ಕಾಲು ಸೆಂಟಿಮೀಟರ್ ಜಾರಿಸುವುದು, ಪ್ರತಿ ಸಲ ಹತ್ತು ಹೆಜ್ಜೆ ದೂರ ಹೋಗಿ ಕೂರುವುದು. ದೂರ ಹೋಗದಿದ್ದರೆ ನನ್ನ ಮೈಯೇ ಒಂದು ಕಡ್ಡಿಯಾಗಿ ಲೆಕ್ಕ ಕೆಡಿಸುತ್ತದೆ. ಹನ್ನೆರಡನೇ ಸಲವೋ ಹದಿಮೂರನೇ ಸಲವೋ ಮುಳ್ಳು ದಿಢೀರನೆ ಬಿದ್ದುಹೋಯಿತು. ಆಮೇಲೆ ಮೂತಿ ಪೂರ್ವಕ್ಕೆ ತಿರುಗಿಸಿ ಮುಂದಿನ ಕಡ್ಡಿ, ಅದಾದ ಮೇಲೆ ಮತ್ತೆ ನಡುವಿನದು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತದೆ, ಅದೇ ಇದರ ತಮಾಷೆ. ಬೆನ್ನು ಗಾಜಿಯಾಬಾದಿಗಿದ್ದಷ್ಟು ಹೊತ್ತೂ ಅದರ ಮೂತಿ ಪಶ್ಚಿಮಕ್ಕೆ, ಪೂಸಾದ ಕಡೆಗಿತ್ತು ಅನ್ನುವುದು ನನಗೆ ಹೊಳೆದದ್ದು ಹಾಸ್ಟೆಲಿಗೆ ಬಂದು ಇದೆಲ್ಲ ಓದಿದ ಮೇಲೆ.

ಇನ್ನು ಆ ಮುಜುಗರದ ಕಾರಣ. ಕಳೆದ ವರ್ಷದ ಸಂಚಿಕೆಯಲ್ಲಿ ದೆಹಲಿಯ ಹಳೆಯ ಕನ್ನಡ ಮನೆತನಗಳ ಬಗ್ಗೆ ನನ್ನ ಹೆಸರಲ್ಲಿ ಒಂದು ಲೇಖನ ಬಂದಿತ್ತು. ನಿಮ್ಮಲ್ಲಿ ಎಷ್ಟೋ ಜನ ಮೆಚ್ಚಿಕೊಂಡಿರಿ, ಸಂಘದ ಬಹುಮಾನವೂ ಬಂತು. ಆ ಮನೆಗಳಿಗೆಲ್ಲ ಬಿಸಿಲಲ್ಲಿ ಅಲೆದು, ಅಜ್ಜ ಅಜ್ಜಿಯರನ್ನು ಮಾತಾಡಿಸಿ, ಎರಡು ನೋಟುಬುಕ್ಕು ತುಂಬಿಸಿ ತಂದವನು ನನ್ನ ಕೋಣೆಯ ಗೆಳೆಯ. ಅವನಿಗೆ ಬರೆಯಲು ಬೇಸರ, ನಾನು ಕೂತು ಬರೆದೆ. ಲೇಖನದ ನಡುವೆ ಎಲ್ಲೋ ಅವನಿಗೆ ಕೃತಜ್ಞತೆ ಹೇಳಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಅವನೂ ಏನೂ ಅನ್ನಲಿಲ್ಲ. ಬಹುಮಾನದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಯಾಗಿಯನ್ನು ಬೈಯಬೇಕು ಅಂತ ಪೆನ್ನು ಎತ್ತಿದ ದಿನ ಈ ನೆನಪು ಬಂತು, ಪೆನ್ನು ಕೆಳಗಿಟ್ಟೆ. ಕಾರ್ಯದರ್ಶಿಯ ಹತ್ತಿರ ಹೋಗಿ ವಿಷಯ ತಿಳಿಸಿದೆ. ಕಳೆದ ವರ್ಷದ ಆ ಲೇಖನಕ್ಕೆ ಇಬ್ಬರ ಹೆಸರು, ಅವನದು ಮೊದಲು, ಅಂತ ಈ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಲು ಒಪ್ಪಿದ್ದಾರೆ. ಬಹುಮಾನದ ಪುಸ್ತಕ ಅವನ ಮೇಜಿನ ಮೇಲಿಟ್ಟಿದ್ದೇನೆ. ಇಬ್ಬರೂ ಓದುವ ಪುಸ್ತಕ ಯಾರ ಮೇಜಿನ ಮೇಲಿದ್ದರೇನು ಅಂದ. ಇರಲಿ, ಅಲ್ಲೇ ಇರಲಿ ಅಂದೆ.